ದೊಡ್ಡ ಗಾಡಿಗೆ ಓಬ ಮಾಡಿದ ಉಪಕಾರ

ಹಿರಿಯೂರು ದಾಟಿ ಚಿತ್ರದುರ್ಗದ ಕಡೆ ಹೊರಟರೆ ಹೆದ್ದಾರಿ ಪಕ್ಕದಲ್ಲಿ ಒಂದು ತಗಡಿನ ಅಂಗಡಿ. ಅಲ್ಲಿ ಮಾರಕ್ಕ ಅಂತ ಒಬ್ಬಳು. ಬೈಕಿನ ಸೀಟು ಹೊಲಿಯೋದು ಅವಳ ಕಸುಬು. ಅವಳು ದಬ್ಬಳ ಹಿಡಿದಳು ಅಂದರೆ ಎಂಥ ಮೊಂಡು ರೆಕ್ಸಿನ್ನೂ ಹೇಳಿದ ಮಾತು ಕೇಳಬೇಕು. ಹೇಳಿದ ಮಾತು ಕೇಳಿ ಕೇಳಿಯೇ ಅವಳ ಪ್ರಾಣ ತಿನ್ನುತ್ತಿದ್ದವನು ಒಬ್ಬನೇ. ಅವಳ ಮಗ ಓಬಳೇಶ. ಊರವರ ಬಾಯಲ್ಲಿ ಓಬ.

ಓಬನಿಗೆ ಮೀಸೆ ಬಂದಿತ್ತು. ಬುದ್ಧಿ ಇನ್ನೂ ದಾರಿಯಲ್ಲಿತ್ತು. "ಅಂಗಡಿ ಮುಂದೆ ನೀರು ಹಾಕೋ, ಧೂಳು ಏಳ್ತಿದೆ" ಅಂದರೆ ಒಂದು ಲೋಟ ನೀರು ತಂದು ಅಂಗಡಿ ಮುಂದೆ ಇಟ್ಟು, "ಹಾಕಿದೆ ಕಣವ್ವ, ಧೂಳು ಕುಡೀಲಿ" ಅನ್ನೋನು.

ತಾನು ಪೆದ್ದ ಅನ್ನೋದು ಓಬನಿಗೂ ಗೊತ್ತಿತ್ತು. ಯಾರಾದರೂ ಕೆಲಸ ಹೇಳೋಕೆ ಬಂದರೆ ತಾನೇ ಮೊದಲು ಹೇಳಿಬಿಡುತ್ತಿದ್ದ: "ನಾನು ಪೆದ್ದ ಕಣಣ್ಣ, ಸ್ವಲ್ಪ ಬಿಡಿಸಿ ಹೇಳು." ಬಿಡಿಸಿ ಹೇಳಿದರೋ, ಕೆಲಸ ಇನ್ನೂ ಚೆನ್ನಾಗಿ ಕೆಡುತ್ತಿತ್ತು.

ಒಂದು ದಿನ ಬೈಕ್ ಕಂಪನಿಯಿಂದ ನಳಿನಿ ಅಂತ ಒಬ್ಬ ಇಂಜಿನಿಯರ್ ಮೇಡಂ ಬಂದರು. ಹಿಂದೆ ಲಾರಿಯಲ್ಲಿ ಒಂದು ಗಾಡಿ. ಗಾಡಿ ಅಂದರೆ ಗಾಡಿ! ಎಮ್ಮೆ ಗಾತ್ರ, ಒಂಟೆ ಎತ್ತರ. ಬೆಟ್ಟ ಹತ್ತೋಕೆ, ಹೊಳೆ ದಾಟೋಕೆ, ದೇಶ ಸುತ್ತೋಕೆ ಅಂತ ಮಾಡಿದ್ದು. ಇನ್ನೂ ಹೆಸರೂ ಇಟ್ಟಿರಲಿಲ್ಲ.

"ಮಾರಕ್ಕ, ದೊಡ್ಡ ಗಾಡಿಯವರೆಲ್ಲ ನಿಮ್ಮ ಎದುರಿನ ಹೋಟೆಲಿಗೇ ಟೀಗೆ ನಿಲ್ತಾರೆ. ಇದನ್ನ ಅವರಿಗೆ ತೋರಿಸಿ. ಮುಂದಿನ ಗಾಡೀಲಿ ಏನಿರಬೇಕು ಅಂತ ಕೇಳಿ. ಅವರ ಮನಸ್ಸಲ್ಲಿರೋದು ನಮಗೆ ಗೊತ್ತಾದರೆ ಹೊಸ ಗಾಡಿ ಸೀಟು ನಿಮ್ಮ ಕೈಯಲ್ಲೇ ಹೊಲಿಸ್ತೀನಿ."

ಮಾರಕ್ಕನ ಕಣ್ಣು ಅರಳಿತು. ಪ್ಲಾಸ್ಟಿಕ್ ಚೀಲದಲ್ಲಿ ಬರೋ ರೆಡಿಮೇಡ್ ಸೀಟು ಕವರು ಅವಳ ಗಿರಾಕಿಗಳನ್ನೆಲ್ಲ ಕಿತ್ತುಕೊಂಡು ಕೂತಿತ್ತು. ಇದೊಂದು ಕೆಲಸ ಕೈ ಹಿಡಿದರೆ ಅಂಗಡಿ ಉಳಿಯುತ್ತೆ. ಆದರೆ ಮಂಡಿನೋವು. ರಸ್ತೆ ದಾಟಿ ಹೋಟೆಲಿಗೆ ಹೋಗಿ ಕೇಳೋರು ಯಾರು? ಸುತ್ತ ನೋಡಿದಳು. ಇದ್ದವನು ಓಬ ಒಬ್ಬನೇ.

"ಲೋ ಓಬ, ದೊಡ್ಡ ಗಾಡಿಯವರು ಬಂದರೆ ಏನು ಬೇಕು ಅಂತ ಕೇಳೋ. ಅವರು ಏನು ಬೇಕು ಅಂತಾರೋ, ಅದಕ್ಕೆ ಸರಿಯಾಗಿ ನಡ್ಕೋ. ತಿಳೀತಾ?"

"ತಿಳೀತು ಕಣವ್ವ!"

ಮೊದಲು ಬಂದವರು ಒಬ್ಬ ದಪ್ಪನೆಯ ಸಾಹೇಬರು. ಗಾಡಿಯಿಂದ ಇಳಿಯೋಕೇ ಏದುಸಿರು.

"ಸಾರ್, ನಾನು ಪೆದ್ದ, ಬಿಡಿಸಿ ಹೇಳಿ. ನಿಮಗೆ ಎಂಥ ಗಾಡಿ ಬೇಕು?"

"ಹಗುರ ಇರಬೇಕು ಕಣಪ್ಪ! ಬಿದ್ದರೆ ಎತ್ತೋಕಾಗಲ್ಲ. ಸ್ಟ್ಯಾಂಡ್ ಹಾಕೋಕೆ ಸೊಂಟ ಬರಲ್ಲ. ಯಾರಾದರೂ ಇದನ್ನ ಹಗುರ ಮಾಡಿಕೊಟ್ಟರೆ ಅವರ ಹೆಸರಲ್ಲಿ ದೀಪ ಹಚ್ತೀನಿ!" ಅಂದು ಸಾಹೇಬರು ಹೋಟೆಲ್ ಒಳಗೆ ಹೋಗಿ ಇಡ್ಲಿ ಮುಂದೆ ಕೂತರು.

ಹಗುರ ತಾನೇ? ಓಬ ಶುರು ಮಾಡಿದ. ಸಾಹೇಬರ ಗಾಡಿ ಪಕ್ಕದ ಡಬ್ಬಿಗಳನ್ನ ಬಿಚ್ಚಿದ. ಎತ್ತಿ ನೋಡಿದ, ಇನ್ನೂ ಭಾರ! ಕನ್ನಡಿ ಬಿಚ್ಚಿದ. ಇನ್ನೂ ಭಾರ! ಸೀಟು ಬಿಚ್ಚಿದ. ಟ್ಯಾಂಕಿನ ಪೆಟ್ರೋಲೆಲ್ಲ ಕ್ಯಾನಿಗೆ ಇಳಿಸಿದ. ಕೊನೆಗೆ ಸ್ಟ್ಯಾಂಡನ್ನೂ ಬಿಚ್ಚಿ ಗಾಡಿಯನ್ನ ಬೇವಿನ ಮರಕ್ಕೆ ಒರಗಿಸಿದ.

ಸಾಹೇಬರು ಕೈ ಒರೆಸಿಕೊಳ್ಳುತ್ತಾ ಬಂದರು. ನೋಡಿದರು. ಬಾಯಿ ತೆರೆದರು.

"ಎತ್ತಿ ನೋಡಿ ಸಾರ್! ಹೂವಿನ ಹಾಗಿದೆ!"

"ಅಯ್ಯೋ ಪಾಪಿ! ಇದರಲ್ಲಿ ಊರಿಗೆ ಹೆಂಗೋ ಹೋಗ್ಲಿ?"

ಗದ್ದಲ ಕೇಳಿ ಮಾರಕ್ಕ ಕುಂಟುತ್ತಾ ಓಡಿ ಬಂದಳು. ಎಲ್ಲಾ ಮತ್ತೆ ಜೋಡಿಸಿ ಕೈ ಮುಗಿದಳು. ಅಷ್ಟರಲ್ಲಿ ಸಾಹೇಬರಿಗೇ ನಗು ಬಂದುಬಿಟ್ಟಿತ್ತು. ಹೊಟ್ಟೆ ಸವರಿಕೊಂಡು ಅಂದರು, "ಬಿಡಮ್ಮ, ಇವನು ಬಿಚ್ಚಿದ್ದಕ್ಕಿಂತ ಜಾಸ್ತಿ ನಾನು ಈಗ ಒಳಗೆ ತುಂಬ್ಕೊಂಡು ಬಂದಿದೀನಿ."

ಅವರು ಹೋದ ಮೇಲೆ ಮಾರಕ್ಕ ಮಗನ ತಲೆಗೆ ಮೊಟಕಿದಳು. "ಕಿತ್ತು ಹಾಕಿದರೆ ಸುಖ ಬರುತ್ತೇನೋ? ಯಾರಿಗಾದರೂ ಏನಾದರೂ ಕೊರತೆ ಅಂದರೆ ಕೀಳಬಾರದು, ಸೇರಿಸಬೇಕು! ಸೇರಿಸಬೇಕು!"

"ಆಯ್ತು ಕಣವ್ವ, ಸೇರಿಸ್ತೀನಿ!"

ಆಮೇಲೆ ಬಂದವಳು ಒಬ್ಬ ಹೆಣ್ಣುಮಗಳು. ಹೆಸರು ಚಿನ್ಮಯಿ. ಒಬ್ಬಳೇ ಗೋವಾದಿಂದ ಗಾಡಿ ಓಡಿಸಿಕೊಂಡು ಬಂದಿದ್ದಳು. ಕುಳ್ಳಗೆ, ಚುರುಕಾಗಿ ಇದ್ದಳು. ಶೂ ಬಿಚ್ಚಿ ಮಾರಕ್ಕನ ಅಂಗಡಿ ಕಟ್ಟೆ ಮೇಲೆ ಕಾಲು ಚಾಚಿ ಕೂತಳು.

"ಅಕ್ಕ, ನಾನು ಪೆದ್ದ, ಬಿಡಿಸಿ ಹೇಳಿ. ನಿಮಗೆ ಎಂಥ ಗಾಡಿ ಬೇಕು?"

"ಕಾಲು ನೆಲಕ್ಕೆ ಎಟುಕೋ ಗಾಡಿ! ಇದನ್ನೆಲ್ಲ ಮಾಡೋರು ತೆಂಗಿನ ಮರದಷ್ಟು ಉದ್ದ ಇರೋರಿಗೆ ಮಾಡ್ತಾರೆ. ಸಿಗ್ನಲ್‌ನಲ್ಲಿ ನಿಂತರೆ ನಾನು ಬ್ಯಾಲೆ ಕುಣಿದ ಹಾಗೆ ತುದಿಗಾಲಲ್ಲಿ ನಿಲ್ಲಬೇಕು. ನಾನೇ ನಿಂತಿದೀನೋ, ನನ್ನ ಹೆಬ್ಬೆರಳು ನಿಂತಿದೆಯೋ ಗೊತ್ತಾಗಲ್ಲ!" ಅಂದು ನಕ್ಕು ಎಳನೀರು ಕುಡಿಯೋಕೆ ಬರಿಗಾಲಲ್ಲೇ ಹೋದಳು.

ಓಬ ಯೋಚನೆ ಮಾಡಿದ. ಕೊರತೆ ಏನು? ಎತ್ತರ. ಯಾರಿಗೆ? ಅಕ್ಕನಿಗೆ. ಕೀಳಬಾರದು, ಸೇರಿಸಬೇಕು! ಹಳೇ ಲಾರಿ ಟೈರಿನ ತುಂಡು ತಂದ. ಒಂದರ ಮೇಲೊಂದು ಇಟ್ಟು, ಸೀಟಿಗೆ ಬಳಿಯೋ ಸೊಲ್ಯೂಷನ್ ಅಂಟು ಬಳಿದು, ಎರಡೂ ಶೂ ಅಡಿಗೆ ಮೆತ್ತಿ, ಸುತ್ತಿಗೆಯಲ್ಲಿ ಬಡಿದ.

ಚಿನ್ಮಯಿ ಬಂದಳು. ಮಾತಾಡುತ್ತಾ ಮಾತಾಡುತ್ತಾ ಶೂಗೆ ಕಾಲು ತೂರಿಸಿದಳು. ಎದ್ದು ನಿಂತಳು. ಢಣ್! ತಲೆ ತಗಡಿಗೆ ಬಡಿಯಿತು.

"ಈಗ ಎಟುಕುತ್ತಾ ಅಕ್ಕ?"

ಗಾಡಿ ಹತ್ತಿ ಕೂತು ನೋಡಿದಳು. "ಎಟುಕೋದೇನೋ ಎಟುಕುತ್ತೆ ಮಾರಾಯ! ಗೇರ್ ಯಾರು ಹಾಕ್ತಾರೆ? ಇಷ್ಟು ದಪ್ಪದ ಕಾಲು ಗೇರಿನ ಅಡಿಗೇ ಹೋಗ್ತಿಲ್ಲವಲ್ಲ!"

ಮಾರಕ್ಕ ಶೂ ಹಿಡಿದು ಕೂತು ಬ್ಲೇಡಿನಲ್ಲಿ ಟೈರು ಕೀಳೋ ಹೊತ್ತಿಗೆ ಬೆರಳೆಲ್ಲ ಬೊಬ್ಬೆ. ಚಿನ್ಮಯಿ ಹೋದ ಮೇಲೆ ಮೊದಲು ಅತ್ತಳು, ಆಮೇಲೆ ಬೈದಳು. "ಜನರ ಮೈಮೇಲಿಂದು ಮುಟ್ಟಬೇಡವೋ! ಏನೇ ಮಾಡಿದರೂ ಕಂಪನಿ ಗಾಡಿ ಮೇಲೆ ಮಾಡು. ಕೂತವರಿಗೆ ತಮ್ಮ ಮನೇಲೇ ಕೂತ ಹಾಗಿರಬೇಕು, ಅದಷ್ಟು ತಲೇಲಿಟ್ಕೋ!"

"ಮನೇಲಿ ಕೂತ ಹಾಗೆ. ಆಯ್ತು ಕಣವ್ವ!"

ಮಾರನೇ ದಿನ ಬಂದವರು ವಿಠ್ಠಲರಾಯರು. ಬ್ಯಾಂಕಿನಿಂದ ರಿಟೈರ್ ಆಗಿ, ಮಕ್ಕಳ ಮಾತು ಕೇಳದೆ ಗಾಡಿ ಕೊಂಡು, ಲಡಾಖಿಗೆ ಹೋಗ್ತೀನಿ ಅಂತ ಹೊರಟು ಹಿರಿಯೂರಿನವರೆಗೆ ಬಂದಿದ್ದರು.

"ಸಾರ್, ನಾನು ಪೆದ್ದ, ಬಿಡಿಸಿ ಹೇಳಿ. ನೀವು ಮನೇಲಿ ಹೆಂಗೆ ಕೂರ್ತೀರಿ?"

ರಾಯರಿಗೆ ಯಾರೋ ಕೇಳಿದ್ದೇ ಖುಷಿ. "ಹೆಂಗೆ ಅಂದ್ರೆ, ಕೈ ಇರೋ ಕುರ್ಚೀಲಿ ಒರಗಿ ಕೂರ್ತೀನಿ. ಮುಂದೆ ಪರದೆ, ಗಾಳಿ ಹೊಡಿಯಲ್ಲ. ಎದುರಿಗೆ ಗಡಿಯಾರ. ಪಕ್ಕದಲ್ಲಿ ಮಾತ್ರೆ ಡಬ್ಬಿ. ಗಾಡೀಲಿ ನೋಡಪ್ಪ, ಸೀಟು ಹಲಗೆ, ಗಾಳಿ ಎದೆಗೆ ಗುದ್ದುತ್ತೆ, ಇಂಜಿನ್ ಬಿಸಿಗೆ ತೊಡೆ ಬೇಯುತ್ತೆ."

ರಾಯರು ಟೀ ಮುಗಿಸೋದರೊಳಗೆ ಓಬ ಕಂಪನಿ ಗಾಡಿಯನ್ನ ಮನೆ ಮಾಡಿಬಿಟ್ಟ! ಸೀಟಿನ ಮೇಲೆ ಅವ್ವನ ಪ್ಲಾಸ್ಟಿಕ್ ಕುರ್ಚಿ ಕಟ್ಟಿದ. ಹ್ಯಾಂಡಲ್ ಮುಂದೆ ಅವ್ವನ ಹಳೇ ಸೀರೆ ಪರದೆ. ಟ್ಯಾಂಕಿನ ಮೇಲೆ ಗೋಡೆ ಗಡಿಯಾರ. ಇಂಜಿನ್ನಿಗೆ ಒದ್ದೆ ಗೋಣಿಚೀಲ. ಮುಂದಿನ ಚಕ್ರದ ಹತ್ತಿರ ಕಾಲೊರೆಸೋ ಚಾಪೆ.

"ಬನ್ನಿ ಸಾರ್! ಏ ಏ ಏ, ಚಪ್ಪಲಿ ಹೊರಗೆ ಬಿಡಿ ಸಾರ್!"

ರಾಯರು ಪಾಪ, ಚಪ್ಪಲಿ ಬಿಟ್ಟು, ಕಾಲೊರೆಸಿ, ಹತ್ತಿ ಕೂತರು. ಒರಗಿದರು. ಕುರ್ಚಿ ಹಿಂದಕ್ಕೆ, ರಾಯರು ಕುರ್ಚಿ ಜೊತೆಗೆ, ದಬಾರ್! ಅಂಗಡಿ ಮುಂದಿದ್ದ ಸ್ಪಂಜಿನ ರಾಶಿ ಮೇಲೆ ಬಿದ್ದರು. ಮೂಳೆ ಉಳಿಯಿತು.

ಮಲಗಿದ್ದ ಕಡೆಯಿಂದಲೇ ರಾಯರು ನಗೋಕೆ ಶುರು ಮಾಡಿದರು. "ಮನೇಲಿ ಕೂತ ಹಾಗೇ ಕೂರಬೇಕು ಅಂದರೆ ಮನೇಲೇ ಕೂರಬಹುದಿತ್ತಲ್ಲಯ್ಯ! ನನ್ನ ಹೆಂಡತಿ ಇದೇ ಮಾತು ಹೇಳಿದ್ದಳು."

ಮಾರಕ್ಕ ತಲೆ ಮೇಲೆ ಕೈ ಹೊತ್ತು ಕೂತಳು. ಮೇಡಂ ಬರೋ ದಿನ ಹತ್ತಿರ ಬಂದಿತ್ತು. ಗಾಡಿಗೆ ಸೀರೆ ಸುತ್ತಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. "ಇನ್ನು ನೀನು ಏನೂ ಮಾಡಬೇಡ ನನ್ನಪ್ಪ! ಕೈ ಕಟ್ಕೊಂಡು ನಿಂತ್ಕೋ. ಅವರಂದಿದ್ದು ಕೇಳಿಸ್ಕೋ. ಮೇಡಂ ಬಂದಾಗ ಅಂದಿದ್ದು ಅಂದ ಹಾಗೇ ಒಪ್ಪಿಸು. ಒಂದಕ್ಷರ ಬಿಡಬೇಡ, ಒಂದಕ್ಷರ ಸೇರಿಸಬೇಡ!"

"ಆಯ್ತು ಕಣವ್ವ!"

ಓಬ ರೆಕ್ಸಿನ್ ಪಟ್ಟಿ ತಗೊಂಡು ಒಂದು ತುದಿ ಹಲ್ಲಲ್ಲಿ ಕಚ್ಚಿ ಎರಡೂ ಕೈ ಬಿಗಿಯಾಗಿ ಕಟ್ಟಿಕೊಂಡ. ಮೂಗಿನ ಮೇಲೆ ನೊಣ ಕೂತರೂ ಬಿಚ್ಚಲಿಲ್ಲ. ರೈಡರುಗಳು ಗುಂಪು ಗುಂಪಾಗಿ ಬಂದರು, ಕುಡಿದರು, ಮಾತಾಡಿದರು, ಹೋದರು. ಓಬ ಕೇಳಿಸಿಕೊಂಡ.

ನಳಿನಿ ಮೇಡಂ ಬಂದರು. ಹಿಂದೆ ಅದೇ ಲಾರಿ.

"ಏನಪ್ಪ ಓಬಳೇಶ, ಏನಂದರು ಜನ?"

ಓಬ ಕಣ್ಣು ಮುಚ್ಚಿಕೊಂಡು ಶುರು ಮಾಡಿದ. "ಏ, ಇನ್ನೆರಡು ಟೀ ಹೇಳೋ. ಸುರ್ರ್. ಸಕ್ಕರೆ ಜಾಸ್ತಿ ಆಯ್ತು. ಟ್ಯಾಂಕು ದೊಡ್ಡದಿರಬೇಕು ಮಗಾ. ಗಾಡಿ ಮಾತ್ರ ಹಗುರ ಇರಬೇಕು. ಕೆಟ್ಟರೆ ಯಾವ ಹಳ್ಳಿ ಮೆಕ್ಯಾನಿಕ್ಕಾದರೂ ರಿಪೇರಿ ಮಾಡೋ ಹಾಗಿರಬೇಕು. ಕಂಪ್ಯೂಟರ್ ಗಿಂಪ್ಯೂಟರ್ ಬೇಡ. ಆದರೆ ಮ್ಯಾಪು, ಹಾಡು, ಫೋನು ಎಲ್ಲಾ ಬರಬೇಕು. ಖ್ಹೆ ಖ್ಹೆ. ಕೆಮ್ಮಿಗೆ ಏನಾದ್ರೂ ತಗೋಳೋ. ಈ ಗಾಡಿ ಮಾಡಿದ ಪುಣ್ಯಾತ್ಮರನ್ನ ತಂದು ಇದೇ ಸೀಟಿನ ಮೇಲೆ ಹೊಸಪೇಟೆವರೆಗೂ ಕೂರಿಸಬೇಕು ಕಣೋ, ಆಗ ಗೊತ್ತಾಗುತ್ತೆ ಅವಕ್ಕೆ! ನಾವೇನು ಕಮ್ಮಿನಾ, ಹಿಮಾಲಯಕ್ಕೆ ಅಂತ ಗಾಡಿ ತಗೊಂಡು ಇಡ್ಲಿ ತಿನ್ನೋಕೆ ಹಿರಿಯೂರಿಗೆ ಬರ್ತೀವಿ. ಹಹ್ಹಹ್ಹಾ. ಡರ್ರ್."

"ಡರ್ರ್ ಅಂದ್ರೆ?"

"ತೇಗಿದ್ದು ಮೇಡಂ."

ಮಾರಕ್ಕ ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಮೇಡಂ ಮಾತ್ರ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ನಾವು ಏಸಿ ರೂಮಲ್ಲಿ ಕೂತು ಇದನ್ನೇ ಹುಡುಕ್ತಿದ್ವಿ. ನಿಜ ಹೇಳ್ತೀನಿ, ಹೊಸಪೇಟೆವರೆಗೆ ನಾನೂ ಯಾವತ್ತೂ ಕೂತಿಲ್ಲ. ಒಟ್ಟಿನಲ್ಲಿ ಏನು ಬೇಕಂತೆ?"

"ಎಲ್ಲಾ ಬೇಕಂತೆ ಮೇಡಂ. ಭಾರ ಮಾತ್ರ ಬೇಡವಂತೆ."

"ಸೀಟು ನಿಮ್ಮದೇ ಮಾರಕ್ಕ!" ಅಂದು ಮೇಡಂ ಖುಷಿಯಲ್ಲಿ ಗಾಡಿ ಹತ್ತಿ ಸ್ಟ್ಯಾಂಡ್ ತೆಗೆದರು. ಗಾಡಿ ವಾಲಿತು. ಕಾಲು ಎಟುಕಲಿಲ್ಲ. ಓಬ ಪಕ್ಕದಲ್ಲೇ ನಿಂತಿದ್ದ.

"ಹಿಡಿ, ಹಿಡಿ, ಹಿಡಿಯಪ್ಪ!"

"ಅವ್ವ ಕೈ ಕಟ್ಕೋ ಅಂದಿದಾಳೆ ಮೇಡಂ!"

ಧಡ್! ಗಾಡಿ ಒಂದು ಕಡೆ, ಮೇಡಂ ಒಂದು ಕಡೆ. ಪೆಟ್ಟೇನೂ ಆಗಲಿಲ್ಲ. ಲಾರಿ ಡ್ರೈವರು, ಕ್ಲೀನರು, ಮೇಡಂ, ಮಾರಕ್ಕ ಎಲ್ಲಾ ಸೇರಿ ಉಸಿರು ಕಟ್ಟಿ ಎತ್ತಿ ನಿಲ್ಲಿಸಿದರು. ಮೇಡಂ ಮಣ್ಣು ಕೊಡವಿಕೊಂಡು ಅಂದರು, "ಭಾರ ಬೇಡ. ಅರ್ಥವಾಯ್ತು."

ಮಾರಕ್ಕ ಮಗನ ಕಡೆ ತಿರುಗಿದಳು. ಕೈಗೆ ಬಂದ ಕೆಲಸ ಬಿದ್ದೇ ಹೋಗ್ತಿತ್ತಲ್ಲ! ಮಗನ ಕೈ ಕಟ್ಟು ಹರಿದು ಬಿಸಾಕಿ ಅರಚಿದಳು. "ಗಾಡಿ ಅಂದ್ರೆ ಹಿಡ್ಕೋಬೇಕೋ! ಗಟ್ಟಿಯಾಗಿ ಹಿಡ್ಕೋಬೇಕು! ನಾನು ಬಿಡು ಅನ್ನೋವರೆಗೂ ಬಿಡಬಾರದು!"

"ಆಯ್ತು ಕಣವ್ವ!"

ಓಬ ಹ್ಯಾಂಡಲ್ ಹಿಡಿದ. ಹಲಗೆ ಮೇಲೆ ಗಾಡಿಯನ್ನ ಲಾರಿಗೆ ತಳ್ಳಿದರು. ಓಬ ಹಿಡಿದೇ ಹತ್ತಿದ. ಹಗ್ಗ ಬಿಗಿದರು. ಓಬ ಹಿಡಿದೇ ನಿಂತ. ಮಾರಕ್ಕ ಒಳಗೆ ಮೇಡಂಗೆ ರೆಕ್ಸಿನ್ ತೋರಿಸುತ್ತಾ ಮೈಮರೆತಿದ್ದಳು. ಹಿಂದಿನ ಬಾಗಿಲು ಹಾಕಿದ ಸದ್ದೂ ಕೇಳಲಿಲ್ಲ, ಲಾರಿ ಹೋದ ಸದ್ದೂ ಕೇಳಲಿಲ್ಲ.

ಮೇಡಂ ಕಾರೂ ಹೋಯ್ತು. "ಓಬ, ಊಟಕ್ಕೆ ಬಾರೋ" ಅಂದಳು. ಓಬ ಇಲ್ಲ. ಹೋಟೆಲಲ್ಲಿ ಇಲ್ಲ, ಬೇವಿನ ಮರದ ಹತ್ತಿರ ಇಲ್ಲ. ಫೋನ್ ಬಂತು.

"ಅಮ್ಮಾ, ನಾನು ಲಾರಿ ಡ್ರೈವರು. ಶಿರಾ ದಾಟಿದೀವಿ. ನಿಮ್ಮ ಮಗ ಹಿಂದೆ ಗಾಡಿ ಹಿಡ್ಕೊಂಡು ನಿಂತಿದಾನೆ. ಇಳಿ ಅಂದ್ರೆ ಇಳಿಯಲ್ಲ, ಟೀ ಕೊಟ್ರೆ ಕುಡಿಯಲ್ಲ. ಅವ್ವ ಹೇಳಬೇಕು ಅಂತಾನೆ. ನಂಬರು ಅವನೇ ಕೊಟ್ಟ. ತಗೊಳ್ಳಿ, ಮಾತಾಡಿ."

ಓಬ ಒಂದು ಕೈಯಲ್ಲಿ ಗಾಡಿ, ಒಂದು ಕೈಯಲ್ಲಿ ಫೋನು ಹಿಡಿದ. "ಅವ್ವಾ, ಗಾಡಿ ಬಿದ್ದಿಲ್ಲ!"

ಮಾರಕ್ಕನಿಗೆ ನಗಬೇಕೋ ಅಳಬೇಕೋ. "ಹೇಳಿದವಳು ನಾನೇ ಅಲ್ಲವೇನೋ! ನಿನ್ನ ಹೆತ್ತವಳು ನಾನು, ನಿನಗೆ ಬುದ್ಧಿ ಹೇಳಿದವಳು ನಾನು, ನಮ್ಮಿಬ್ಬರಲ್ಲಿ ದೊಡ್ಡ ಪೆದ್ದಿ ನಾನು!" ಅಂತ ತನ್ನ ಹಣೆ ತಾನೇ ಬಡಿದುಕೊಂಡಳು. ಆಮೇಲೆ ಫೋನಿಗೆ ಕೂಗಿದಳು, "ಬಿಡೋ! ಕೈಲಿರೋದೆಲ್ಲ ಬಿಟ್ಟು ಕೆಳಗಿಳಿದು ಬಸ್ಸು ಹತ್ತಿ ಬಾರೋ!"

"ಬಿಡ್ಲಾ ಅವ್ವಾ?"

"ಬಿಡು!"

ಓಬ ಎರಡೂ ಕೈ ಬಿಟ್ಟ. ಗಾಡಿಗೆ ಹಗ್ಗ ಬಿಗಿದಿತ್ತು, ಅಲುಗಲಿಲ್ಲ. ಠಪ್ ಅಂತ ಬಿದ್ದ ಫೋನು ಡ್ರೈವರಣ್ಣಂದು.