ಸೀಳುಬಂಡೆಯ ಐದು ಕೂಗಿನ ಬತೇರಿ

ಸೀಳುಬಂಡೆ ದುರ್ಗದ ನೆತ್ತಿಯನ್ನೇರಿದವರಿಗೆ ಮೊದಲು ಕಾಣುವುದು ಒಂದು ದುಂಡನೆಯ ಬತೇರಿ, ಕೋಟೆಯ ಬುರುಜು. ಅದರ ಮೇಲೊಂದು ಕಾವಲು ಮಂಟಪ. ಮಂಟಪದ ಚಾವಣಿಯ ಕಲ್ಲನ್ನು ಕೊರೆದು ಒಬ್ಬಾಳು ನುಸುಳುವಷ್ಟು ದೊಡ್ಡ ಕಂಡಿ ಮಾಡಿದ್ದಾರೆ. ಮಳೆ ನೇರವಾಗಿ ಒಳಕ್ಕೆ ಬೀಳುತ್ತದೆ. ಈ ಕಂಡಿಗೂ 'ಐದು ಕೂಗಿನ ಬತೇರಿ' ಎಂಬ ಹೆಸರಿಗೂ ಕಾರಣ ಒಂದೇ ಎಂದು ಹಿರಿಯರು ಹೇಳುತ್ತಾರೆ.

ಹಿಂದೆ ಒಮ್ಮೆ ಈ ದುರ್ಗವನ್ನು ಜಂಪಣ್ಣ ನಾಯಕನೆಂಬ ದಳವಾಯಿ ಕಾಯುತ್ತಿದ್ದನು. ಶತ್ರು ಮೂಡಲಿಂದ ಬಂದರೆ ಕೊಂಬಿನ ಒಂದು ಕೂಗು, ತೆಂಕಲಿಂದ ಎರಡು, ಪಡುವಲಿಂದ ಮೂರು, ಬಡಗಲಿಂದ ನಾಲ್ಕು. ಕೂಗನ್ನೆಣಿಸಿ ಆ ದಿಕ್ಕಿನ ಬಾಗಿಲು ಮುಚ್ಚುವುದು ಕಟ್ಟಳೆ. ಕೊಂಬೂದುವ ಕಾಟಯ್ಯನು ಒಮ್ಮೆ ದನದ ಮಂದೆಯ ಧೂಳನ್ನು ದಂಡೆಂದು ಭ್ರಮಿಸಿ ಮೂರು ಕೂಗು ಊದಿದ್ದನು. ಇನ್ನೊಂದು ಸುಳ್ಳು ಕೂಗಾದರೆ ಬತೇರಿಯಿಂದಲೇ ಕೆಳಕ್ಕೆ ನೂಕಿಸುವೆನೆಂದು ದಳವಾಯಿ ಆಣೆಯಿಟ್ಟು ಹೇಳಿದ್ದನು. ಅಂದಿನಿಂದ ದನ ಮರಳುವಾಗಲೆಲ್ಲ ಭಟರು, "ಕಾಟಣ್ಣಾ, ದಂಡು ಬಂತು ನೋಡಪ್ಪ, ಈ ಸಲ ಕರುಗಳೂ ಕೂಡಿವೆ" ಎಂದು ಅಣಕಿಸುತ್ತಿದ್ದರು.

ಮಾಘದ ಒಂದು ನಡುಹಗಲು ಹಕ್ಕಿಗಳೆಲ್ಲ ಒಮ್ಮೆಗೇ ದನಿಯಡಗಿಸಿದವು. ಕಾಟಯ್ಯ ಮಂಟಪದಿಂದ ಹೊರಬಂದು ತಲೆಯೆತ್ತಿದನು. ಮೋಡವಿಲ್ಲದ ಬಾನಿನಲ್ಲಿ, ಬತೇರಿಯ ನೆತ್ತಿಗೆ ನೇರವಾಗಿ, ತಾಮ್ರದ ಹರಿವಾಣವನ್ನು ಕವುಚಿದಂತಹ ವಸ್ತುವೊಂದು ಅಲುಗದೆ ನಿಂತಿತ್ತು ಎನ್ನುತ್ತಾರೆ. ಅವನು ಕೊಂಬನ್ನೆತ್ತಿ ಇಳಿಸಿದನು. ಕೂಗಿದರೆ ತನ್ನ ಪ್ರಾಣ ಹೋಗುವುದು. ಕೂಗದಿದ್ದರೆ ದುರ್ಗದ ಗತಿಯೇನೆಂದು ಅವನಿಗೆ ತಿಳಿಯದು. ಕಡೆಗೆ ಐದು ಬಾರಿ ಊದಿದನು. ಭಟರು ದಿಗಿಲುಗೊಂಡು ನಾಲ್ಕೂ ಬಾಗಿಲು ಮುಚ್ಚಿ, ಅಗಳಿ ಜಡಿದು, ಕೋಟೆಯ ಮೇಲಿಂದ ನಾಲ್ಕೂ ದಿಕ್ಕನ್ನು ದಿಟ್ಟಿಸಿದರು. ಬಯಲಲ್ಲದೆ ಬೇರೇನೂ ಕಾಣಲಿಲ್ಲ. ತಲೆಯೆತ್ತಿ ನೋಡುವ ಕಟ್ಟಳೆ ಅವರಿಗಿರಲಿಲ್ಲ.

ದಳವಾಯಿ ಕತ್ತಿ ಹಿರಿದು ಬತೇರಿಯನ್ನೇರಿ, "ಐದನೆಯ ದಿಕ್ಕು ಯಾವುದೋ, ಕಾಟಾ?" ಎಂದನು. ಕಾಟಯ್ಯ ಕೊಂಬಿನಿಂದ ಮೇಲಕ್ಕೆ ತೋರಿದನು. ದಳವಾಯಿ ನೋಡುತ್ತಿರುವಂತೆಯೇ ಆ ವಸ್ತು, ಬಾಗಿಲುಗಳೆಲ್ಲ ಮುಚ್ಚಿದ ಕೋಟೆಯ ನಡುವಿನತ್ತ ಸದ್ದಿಲ್ಲದೆ ಇಳಿಯಿತು; ನೆಲದ ಮೇಲೆ ಅದರ ನೆರಳು ಬೀಳಲಿಲ್ಲ. ಹಾಗೆ ಕೆಲಹೊತ್ತು ನಿಂತು, ದೀಪವಾರಿದಂತೆ ಇಲ್ಲವಾಯಿತಂತೆ. ಕತ್ತಿ ಒರೆಗೆ ಮರಳಿತು. "ಕೂಗು ಸುಳ್ಳಲ್ಲ" ಎಂದಷ್ಟೇ ಅವನು ಭಟರಿಗೆ ಹೇಳಿದನು. ಮರುದಿನವೇ ಚಾವಣಿಯನ್ನು ಕೊರೆಸಿದನು. ಕಾಟಯ್ಯ ಬದುಕಿರುವವರೆಗೂ ಆ ಕಂಡಿಯ ಕೆಳಗೆ ಅಂಗಾತ ಮಲಗಿಯೇ ಕಾವಲಿದ್ದನು.

ಮಂಟಪದ ಕಂಬದಲ್ಲಿ ಆ ಕಟ್ಟಳೆಯ ಶಾಸನ ಇಂದಿಗೂ ಇದೆ. ಯಾವ ಕೂಗಿಗೆ ಯಾವ ಬಾಗಿಲು ಮುಚ್ಚಬೇಕೆಂದು ನಾಲ್ಕು ಸಾಲು. ಅವುಗಳ ಕೆಳಗೆ, ಬೇರೊಂದು ಉಳಿಯಿಂದ ಕಂಡರಿಸಿದ ಐದನೆಯದು: 'ಐದು ಕೂಗಾದರೆ'. ಯಾವ ಬಾಗಿಲೆಂದು ಕಂಡರಿಸಲೆಂದು ಕೇಳಿ ಕಲ್ಲುಕುಟಿಗನು ಮೂರು ದಿನ ಉಳಿ ಹಿಡಿದು ದಳವಾಯಿಯ ಮುಂದೆ ಕಾದನಂತೆ. ಮುಂದಿನ ಕಲ್ಲು, ಅಕ್ಷರಕ್ಕೆಂದು ನಯಗೊಳಿಸಿದ್ದು, ಹಾಗೆಯೇ ಬರಿದಾಗಿದೆ.