ಹೊಸ್ತಿಲಗುಡ್ಡಕ್ಕೆ ಆ ಹೆಸರು ತಂದವಳು

ಗೊರವಿನಹಾಳಿನ ಮೂಡಲಿಗಿರುವ ಹೊಸ್ತಿಲಗುಡ್ಡವನ್ನು ನೋಡಲು ಈಗೀಗ ದೂರದೂರದಿಂದ ಜನ ಬರುತ್ತಾರೆ. ಒಂದರ ಮೇಲೊಂದು ಕೂತ ಬಂಡೆಗಳು, ನೆತ್ತಿಯಲ್ಲಿ ಬೇಸಗೆಗೂ ನೀರು ಬತ್ತದ ಕಲ್ಲುದೊಣೆ. ಅಲ್ಲಿ ನಿಂತರೆ ಹೊಳೆ ಏಳು ಕಡೆ ತಿರುಗುವುದು ಒಂದೇ ನೋಟಕ್ಕೆ ಸಿಗುತ್ತದೆ. ನನ್ನ ಪ್ರಾಯದಲ್ಲಿ ಹೆಗಲ ಮೇಲೆ ಹೋರಿಗರು ಹೊತ್ತು ಒಂದೇ ಉಸಿರಿಗೆ ಹತ್ತುತ್ತಿದ್ದೆ. ಎರಡನೇ ಉಸಿರನ್ನು ಇಳಿಯುವುದಕ್ಕೆ ಉಳಿಸಿಕೊಳ್ಳುತ್ತಿದ್ದೆ. ಓದಿದವರು ಬಂದು, ಇಲ್ಲೊಂದು ಕೋಟೆ ಇದ್ದಿರಬೇಕು, ಅದರ ಬಾಗಿಲ ಹೊಸ್ತಿಲಿಂದ ಈ ಹೆಸರು ಎಂದು ಬರೆದುಕೊಂಡು ಹೋಗುತ್ತಾರೆ. ಕೋಟೆಯ ಒಂದು ಕಲ್ಲು ತೋರಿಸಿ ಎಂದರೆ ಗುಡ್ಡದ ಬಂಡೆಗಳನ್ನೇ ತೋರಿಸುತ್ತಾರೆ. ನನ್ನನ್ನು ಒಬ್ಬರೂ ಕೇಳಲಿಲ್ಲ. ಅಕ್ಷರ ಬಾರದವನಾದರೂ ನಡೆದದ್ದನ್ನು ಬಲ್ಲವನು ಈ ಸೀಮೆಗೆ ನಾನೊಬ್ಬನೇ. ಅದಕ್ಕೇ ಹೇಳಿ ಬರೆಸುತ್ತಿದ್ದೇನೆ.

ಹಿಂದೆ ಒಮ್ಮೆ, ಕುದುರೆಗಳು ಹಡಗಿನಲ್ಲಿ ಬಂದಿಳಿದು ನಮ್ಮ ಕಡೆಗೆ ಸಾಲುಗಟ್ಟಿ ನಡೆಯುತ್ತಿದ್ದ ಕಾಲದಲ್ಲಿ, ಈ ಊರಿನಲ್ಲಿ ಭರಮವ್ವ ಎಂಬ ಕಂಬಳಿ ನೇಯುವವಳಿದ್ದಳು. ಅವಳ ಕಂಬಳಿಯ ನೇಯ್ಗೆ ಎಷ್ಟು ಒತ್ತಾಗಿತ್ತೆಂದರೆ ಅದರಲ್ಲಿ ನೀರು ತುಂಬಿ ತರುತ್ತಿದ್ದರು ಎನ್ನುತ್ತಾರೆ. ಕುದುರೆಯ ಬೆನ್ನಿಗೆ ಹಾಸುವ ಕಂಬಳಿ ಮಾರಲು ಕಡಲತಡಿಗೆ ಹೋದಾಗ, ಕಡಲಾಚೆಯ ಕುದುರೆ ವ್ಯಾಪಾರಿಯ ಮಗಳು ಶೀರೀನಳ ಗೆಳೆತನವಾಯಿತು. ಶೀರೀನ ಅವಳನ್ನು ಹಡಗು ಹತ್ತಿಸಿ ಕಡಲೆಲ್ಲ ತೋರಿಸಿದಳು. ಭರಮವ್ವ ಸುಮ್ಮನಿರುವವಳೇ? ನಮ್ಮ ಗುಡ್ಡದ ನೆತ್ತಿಯಿಂದ ಹೊಳೆ ನೋಡಿದರೆ ನಿನ್ನ ಕಡಲು ಮರೆತುಹೋಗುತ್ತದೆ, ಬಾ, ತೋರಿಸುತ್ತೇನೆ ಎಂದು ಮಾತು ಕೊಟ್ಟಳು. ಆರು ವರ್ಷ ಕಾದ ಮೇಲೆ ಶೀರೀನ ಬಂದಳು. ಆದರೆ ಕುದುರೆಗಳ ಸಾಲು ಊರ ಹೊರಗೆ ತಂಗುವುದು ಒಂದೇ ದಿನ. ತೋರಿಸುವುದಿದ್ದರೆ ಅವತ್ತೇ, ಹೊತ್ತು ಮುಳುಗುವುದರೊಳಗೆ.

ಭರಮವ್ವ ಮಾಡಿದ ತಪ್ಪು ಒಂದೇ. ಗೆಳತಿಯ ನಿಲುವಂಗಿ ಮುಳ್ಳಿಗೆ ಸಿಕ್ಕಿ ಹರಿದೀತೆಂದು ತನ್ನದೇ ಸೀರೆ ಉಡಿಸಿ ಹೊರಟಳು. ನಿಲುವಂಗಿಯವಳನ್ನು ಊರು ನೋಡಿ ಸುಮ್ಮನಾಗುತ್ತಿತ್ತು. ಸೆರಗಿರುವ ಹೆಣ್ಣುಮಗಳನ್ನು ಉಡಿ ತುಂಬದೆ ಬಿಟ್ಟೀತೇ? ಗುಡ್ಡದ ದಾರಿಯಲ್ಲಿ ಏಳು ಮನೆ. ಮೊದಲ ಮನೆಯ ಕೊಟ್ರವ್ವ ಮೊರದಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ ಹಿಡಿದು ಅಡ್ಡ ನಿಂತಳು.

"ಬರೋ ಮುಂದ ತುಂಬೀಯಂತ ಬಿಡವ್ವ, ಹೊತ್ತು ಇಳೀತೈತಿ" ಎಂದಳು ಭರಮವ್ವ.

"ಯಾಕ, ನಮ್ಮನಿ ಅಕ್ಕಿ ಮುಗ್ಗಲು ಅಂತ ಹೇಳಿಕೊಟ್ಟೀಯೇನು ಆಕೀಗೆ? ಬಾ ತಂಗಿ, ಸೆರಗು ಒಡ್ಡು."

ನಮ್ಮೂರಿನ ಕಟ್ಟುಪಾಡು ಏನೆಂದರೆ, ತುಂಬಿದ ಉಡಿಯನ್ನು ತನ್ನ ಮನೆಯ ಹೊಸ್ತಿಲು ದಾಟಿಯೇ ಬಿಚ್ಚಬೇಕು. ನೆಲಕ್ಕಿಡುವಂತಿಲ್ಲ, ಇನ್ನೊಬ್ಬರ ಕೈಗೆ ಕೊಡುವಂತಿಲ್ಲ. ಎರಡನೇ ಮನೆಯವಳು ಕೊಟ್ರವ್ವನಿಗಿಂತ ಒಂದು ಬೊಗಸೆ ಹೆಚ್ಚು ಹಾಕಿದಳು. ಮೂರನೆಯವಳು ಅವಳಿಗಿಂತ ಎರಡು. ಏಳನೇ ಮನೆ ದಾಟುವಾಗ ಉಡಿ ಎರಡು ಖಂಡುಗ ತೂಗುತ್ತಿತ್ತು, ಶೀರೀನಳ ಹೆಜ್ಜೆ ಮೊಣಕಾಲುದ್ದ ನೆಲದೊಳಗೆ ಇಳಿಯುತ್ತಿತ್ತು. ಈಗ ಗುಡ್ಡದಿಂದ ಊರವರೆಗೆ ಹರಿಯುವ ಹಳ್ಳ ಆ ಹೆಜ್ಜೆಗಳದೇ. ಸುಳ್ಳೆನ್ನುವವರು ಬಂದು ಅಳೆದು ನೋಡಲಿ. ಗುಡ್ಡದ ಬುಡ ಮುಟ್ಟಿದವಳು ಕುಸಿದು ಕೂತಳು. ಹೊತ್ತು ಮುಳುಗಲು ಎರಡಾಳುದ್ದವಷ್ಟೇ ಉಳಿದಿತ್ತು.

"ಸುರಿದುಬಿಡು ಇಲ್ಲೇ" ಎಂದು ಭರಮವ್ವ ಹಲ್ಲು ಕಡಿದಳು.

ಹಿಂದೆಯೇ ಬಂದಿದ್ದ ಏಳು ಮನೆಯ ಹೆಂಗಸರು ಹೌಹಾರಿದರು. "ಆಕೀ ಮನಿ ಹೊಸ್ತಿಲು ದಾಟದ ಹೆಂಗ ಸುರೀತಾಳ?" ಎಂದಳು ಕೊಟ್ರವ್ವ.

"ಆಕೀ ಮನಿ ಕಡಲಾಚೆ ಐತಿ! ಅಲ್ಲೀತನಕ ಹೊತ್ಕೊಂಡು ಹೋಗಬೇಕೇನು?"

"ಅದನ್ನ ಸೀರಿ ಉಡಿಸೋ ಮುಂದ ಯೋಚನಿ ಮಾಡಬೇಕಿತ್ತು."

ಭರಮವ್ವನಿಗೆ ಬಂದ ಸಿಟ್ಟಿಗೆ ಗುಡ್ಡದ ಜೇನೆಲ್ಲ ಎದ್ದು ಮೂರು ಊರಾಚೆ ಹೋಗಿ ಕೂತಿತು ಎನ್ನುತ್ತಾರೆ. ಹತ್ತಾಳು ಅಲುಗಿಸದ ಕಲ್ಲಿನ ಚಪ್ಪಡಿಯನ್ನು ಒಬ್ಬಳೇ ಕಿತ್ತು ತಂದು ದಾರಿಗೆ ಅಡ್ಡ ಕೆಡವಿದಳು. "ತಗೋರಿ! ಇದು ಶೀರೀನಳ ಮನಿ, ಇದು ಹೊಸ್ತಿಲು. ದಾಟೇ!" ಶೀರೀನ ದಾಟಿದಳು, ಉಡಿ ಬಿಚ್ಚಿದಳು. ಗೆಳತಿಯ ಕೈ ಹಿಡಿದೆಳೆದು ಭರಮವ್ವ ಮೊದಲ ಬಂಡೆಗೆ ಕಾಲಿಟ್ಟಿದ್ದಳಷ್ಟೆ, ಕೊಟ್ರವ್ವ ಮತ್ತೆ ಕೂಗಿದಳು: "ಏ, ಹೊಸ ಮನಿ ಹೊಕ್ಕು ಹಾಲು ಉಕ್ಕಿಸದ ಹೊಂಟ್ರ ಹೆಂಗ? ಆಕೀಗೆ ಕೆಡುಕಾಗೋದು ಬ್ಯಾಡ!"

ಗೆಳತಿಗೆ ಕೆಡುಕು ಎಂದ ಮೇಲೆ ಭರಮವ್ವನ ಕಾಲು ಏಳಲಿಲ್ಲ. ಒಬ್ಬಳು ಮಡಕೆಗೆ ಓಡಿದಳು, ಒಬ್ಬಳು ಒಲೆಗೆ ಹಾಕುವ ಕುಳ್ಳಿಗೆ. ಆಕಳು ಇನ್ನೂ ಮೇವಿಂದ ಮರಳಿರಲಿಲ್ಲ. ಅದು ಬಂದು, ಕರೆದು, ಕಾಯಿಸಿ, ಹಾಲು ಉಕ್ಕುವಷ್ಟರಲ್ಲಿ ಹೊತ್ತು ಮುಳುಗಿ ಗುಡ್ಡ ಕಪ್ಪಾಯಿತು.

"ನಮ್ಮ ನಾಡು ತೋರಿಸ್ತೀನಿ ಅಂದಿದ್ದೆ. ಏಳು ಮೊರ ತೋರಿಸಿದೆ" ಎಂದಳು ಭರಮವ್ವ.

"ಅದೂ ನಮ್ಮಲ್ಲಿಲ್ಲ" ಎಂದು ಶೀರೀನ ನಕ್ಕಳು.

"ನಗಬ್ಯಾಡ ನೀನು!"

ಮುಂಜಾನೆ ಕುದುರೆಗಳು ಹೊರಟವು. ಶೀರೀನ ಮತ್ತೆ ಬರಲಿಲ್ಲ. ಭರಮವ್ವ ತಾನೂ ಮತ್ತೆ ಆ ಗುಡ್ಡ ಹತ್ತಲಿಲ್ಲ. ಅವಳ ಸಿಟ್ಟು ಎಷ್ಟು ವರ್ಷ ಇಳಿಯಲಿಲ್ಲವೆಂದರೆ, ಕೊನೆಗೆ ಏಳು ಮನೆಯವರೂ ಆ ಚಪ್ಪಡಿ ಮುಟ್ಟಿ ಆಣೆ ಮಾಡಬೇಕಾಯಿತು: ಊರಿಗೆ ಬಂದ ಹೆಣ್ಣುಮಗಳು ಗುಡ್ಡ ಹತ್ತಿ ಹೊಳೆ ನೋಡಿ ಇಳಿಯುವ ತನಕ ಯಾರೂ ಅವಳನ್ನು ತಡೆಯಬಾರದು.

ಆ ಚಪ್ಪಡಿ ಇವತ್ತಿಗೂ ಗುಡ್ಡದ ಬುಡದಲ್ಲಿದೆ. ಗೋಡೆಯಿಲ್ಲ, ಬಾಗಿಲಿಲ್ಲ, ಬರೀ ಹೊಸ್ತಿಲು. ಹೊರಗಿನ ಹೆಣ್ಣುಮಗಳೊಬ್ಬಳು ಗುಡ್ಡ ಹತ್ತಿದ ದಿನ ನೀವು ಬಂದರೆ, ನಮ್ಮೂರಿನ ಹೆಂಗಸರು ತುಂಬಿದ ಮೊರಗಳನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲಿ ಸಾಲಾಗಿ ಕೂತಿರುವುದು ಕಾಣುತ್ತದೆ. ಆಣೆಗೆ ಹೆದರಿ ಯಾರೂ ತುಟಿ ಬಿಚ್ಚುವುದಿಲ್ಲ. ಅವಳು ಯಾವಾಗ ಇಳಿದಾಳೆಂದು ನೆತ್ತಿಯನ್ನೇ ದುರುಗುಟ್ಟಿ ನೋಡುತ್ತಿರುತ್ತಾರೆ.