ಹಸಿವು ಹೊತ್ತ ಬೋರಕ್ಕ

ಬಹಳ ಹಿಂದೆ, ವರ್ಷಗಳನ್ನು ಎಣಿಸುವ ರೂಢಿಯೇ ಇಲ್ಲದಿದ್ದ ಕಾಲದಲ್ಲಿ, ಕರಿಕಲ್ಲು ಗುಡ್ಡಗಳ ಮೂಡಣ ಮಗ್ಗುಲಿಗೆ ಒಂದು ಹಟ್ಟಿಯಿತ್ತಂತೆ. ಇದನ್ನು ನನಗೆ ಹೇಳಿದವಳು ನನ್ನ ಅಜ್ಜಿ, ಅವಳಿಗೆ ಅವಳ ಅಜ್ಜಿ. ಹೇಳಿದವರೊಬ್ಬೊಬ್ಬರ ಬಾಯಲ್ಲೂ ಬೋರಕ್ಕ ಒಂದೊಂದು ಗೇಣು ಬೆಳೆದಿದ್ದಾಳೆ. ಆಕೆಯ ಹೊಟ್ಟೆ ಗುರುಗುಟ್ಟಿದರೆ ಮೂರು ಗುಡ್ಡಗಳಾಚೆ ಉರುಮೆ ಬಡಿದಂತೆ ಕೇಳಿಸುತ್ತಿತ್ತು ಎನ್ನುತ್ತಾರೆ. ಅಷ್ಟನ್ನು ನಾನು ನಂಬಲಾರೆ. ಉಳಿದುದನ್ನು ನಂಬುತ್ತೇನೆ, ನೀವೂ ಕೇಳಿ.

ಆ ಗುಡ್ಡಗಳ ಕಲ್ಲುಸಂದಿಗಳಲ್ಲಿ, ಮುಳ್ಳುಪೊದೆಗಳ ಬುಡದಲ್ಲಿ ಒಂದು ಗಿಡವಿದೆ. ಅದಕ್ಕೆ ಎಲೆಯಿಲ್ಲ. ಬೆರಳು ದಪ್ಪದ, ನಾಲ್ಕು ಏಣಿನ, ನೀರು ತುಂಬಿದ ಹಸಿರು ಕಾಂಡಗಳು ಮರಿಹೋತದ ಕೊಂಬುಗಳಂತೆ ಮೇಲೆದ್ದಿರುತ್ತವೆ. ಹಟ್ಟಿಯವರು ಅದನ್ನು ಕೋಡು ಎನ್ನುತ್ತಿದ್ದರು. ಒಂದು ತುಂಡು ಕೋಡಿಗೆ ಉಪ್ಪು ಹಚ್ಚಿ ಅಗಿದರೆ ಕಹಿ ರಸ ಗಂಟಲಿಗಿಳಿಯುತ್ತದೆ. ಇಳಿದ ಮೇಲೆ ಹಸಿವೆಂಬುದು ಸುಮ್ಮನಾಗುತ್ತದೆ. ಬೇಟೆಗೆ ಹೋದವರು, ತಪ್ಪಿಸಿಕೊಂಡ ದನ ಹುಡುಕಿ ಹೋದವರು ಅದನ್ನೇ ಅಗಿದು ದಿನವಿಡೀ ನಡೆಯುತ್ತಿದ್ದರಂತೆ.

ಆದರೆ ಕೋಡು ಹಸಿವನ್ನು ಅಡಗಿಸುತ್ತದೆ, ಹೊಟ್ಟೆಯನ್ನು ತುಂಬಿಸುವುದಿಲ್ಲ. ಹಸಿವು ತಿಳಿಯದವನಿಗೆ ತನ್ನ ಸಾವೂ ತಿಳಿಯುವುದಿಲ್ಲ. ಹಿಂದೆ ಮೂವರು ಬೇಟೆಗಾರರು ಬುತ್ತಿಯ ಗಂಟು ಬಿಚ್ಚದೆಯೇ, ನಗುಮುಖದಲ್ಲಿಯೇ ಸತ್ತು ಬಿದ್ದಿದ್ದರಂತೆ. ಅಂದಿನಿಂದ ಹಟ್ಟಿಯಲ್ಲಿ ಒಂದು ಕಟ್ಟಳೆಯಾಯಿತು. ಗುಂಪು ದೂರ ಹೊರಟರೆ ಅದರಲ್ಲೊಬ್ಬರು ಕೋಡನ್ನು ಮುಟ್ಟಬಾರದು. ಎಲ್ಲರ ಹಸಿವನ್ನೂ ಆ ಒಂದು ಹೊಟ್ಟೆ ಹೊರಬೇಕು. ಅದು ಇನ್ನು ತಾಳಲಾರೆನೆಂದಾಗ ಆ ಒಬ್ಬರು ‘ಉಣ್ಣಿ’ ಎನ್ನಬೇಕು. ಎಂದೊಡನೆ ಎಲ್ಲರೂ ಕೂತು ಉಣ್ಣಬೇಕು. ಈ ಹೊರೆಯನ್ನು ಹೊತ್ತವಳು ಬೋರಕ್ಕ. ಒಂಬತ್ತು ಸಲ ಹೊತ್ತಳಂತೆ. ಒಂಬತ್ತು ಸಲವೂ ಹೋದಷ್ಟೇ ಮಂದಿ ಮರಳಿದರಂತೆ.

ಹತ್ತನೆಯದು ಇಡೀ ಹಟ್ಟಿಯ ಪ್ರಯಾಣ. ಸೆಲೆಯ ನೀರು ಒಮ್ಮೆಗೇ ಉಪ್ಪಾಗಿ, ಕುರಿಗಳೆಲ್ಲ ಸತ್ತವು. ಗುಡ್ಡಗಳಾಚೆಯ ನೆಂಟರು, ‘ಇಲ್ಲಿಗೆ ಬಂದು ನೆಲೆಸಿ’ ಎಂದು ನೆಲ ತೋರಿಸಿದ್ದರು. ಮೃಗಶಿರಾ ಮಳೆಗೆ ಮುಂಚೆ ಅಲ್ಲಿ ಬಿತ್ತಬೇಕಾಗಿತ್ತು. ನಲವತ್ತು ಮಂದಿ, ಐದು ಚೀಲ ನವಣೆಯ ಬೀಜ, ಎರಡು ದಿನಕ್ಕಾಗುವ ಹುರಿಹಿಟ್ಟು. ದಾರಿ ಮಾತ್ರ ಆರು ದಿನದ್ದು. ಬೀಜವನ್ನು ತಿಂದರೆ ಆಚೆ ಬದುಕಿಲ್ಲ, ತಿನ್ನದಿದ್ದರೆ ಆಚೆಗೆ ಮುಟ್ಟುವುದೇ ಸಂದೇಹ. ಆ ಚೀಲಗಳಿಗೆ ಹಟ್ಟಿಯ ಯಜಮಾನ ಕಾಟಯ್ಯನ ಕಾವಲು. ಅವುಗಳನ್ನು ಬಿಚ್ಚಿಸುವ ಮಾತು ಬೋರಕ್ಕನ ಹೊಟ್ಟೆಯದು.

ಎರಡು ದಿನಕ್ಕೆ ಹಿಟ್ಟು ಮುಗಿಯಿತು. ಮೂರನೆಯ ದಿನದಿಂದ ಎಲ್ಲರೂ ಕೋಡು ಅಗಿದರು. ಅಗಿದು ಹಗುರಾದರು, ಹಾಸ್ಯವಾಡಿದರು. “ಇನ್ನು ಒಲೆ ಹೂಡೋ ಕೆಲಸಾನೇ ಇಲ್ಲ ಕಣ್ರವ್ವಾ, ಸೊಸೇರ ಪುಣ್ಯ” ಎಂದ ಒಬ್ಬ ಮುದುಕ. ಬೋರಕ್ಕ ಮಾತ್ರ ಸೆರಗನ್ನು ಹೊಟ್ಟೆಗೆ ಬಿಗಿದು ಮುಂದೆ ನಡೆದಳು. ನಾಲ್ಕನೆಯ ದಿನ ಆಕೆ ನಡುನಡುವೆ ಬಾಗಿ ನಿಲ್ಲುತ್ತಿದ್ದಳು. ಕಲ್ಲು ಹಿಡಿದು ಉಸಿರು ಕಟ್ಟುತ್ತಿದ್ದಳು. ಆದರೂ ‘ಉಣ್ಣಿ’ ಎನ್ನಲಿಲ್ಲ. ಆಕೆಯ ತಮ್ಮ ಪಾಲಯ್ಯ ಹಿಂದಿನಿಂದ ನೋಡುತ್ತಲೇ ಇದ್ದ. ತಾಯಿಯಿಲ್ಲದ ಅವನನ್ನು ಸಾಕಿದವಳು ಆಕೆ. ನೋಡಿ ನೋಡಿ ಅವನಿಗೆ ತಡೆಯದಾಯಿತು. ಕೋಡನ್ನು ಜಜ್ಜಿ, ರಸ ಹಿಂಡಿ, ಕಹಿ ತಿಳಿಯದಂತೆ ಹುಣಸೆ ಕಿವುಚಿ, ಆಕೆಯ ಸೋರೆಬುರುಡೆಯ ನೀರಿಗೆ ಬೆರೆಸಿದ. ಪ್ರೀತಿಯಿಂದಲೇ ಬೆರೆಸಿದನಂತೆ.

ಐದನೆಯ ದಿನ ಬೋರಕ್ಕ ಹಗುರವಾಗಿ ನಡೆದಳು. ಅಕ್ಕನ ಮೈಮೇಲೆ ದೇವರು ಬಂದಿದೆ ಎಂದು ಜನ ಹಿಗ್ಗಿದರು. ಮಧ್ಯಾಹ್ನದ ಹೊತ್ತಿಗೆ ಬಂಡೆಯ ನಡುವಿನ ಒಂದು ದೊಣೆಯ ಬಳಿ ಬಂದರು. ತಳದಲ್ಲಿ ಮೊಣಕಾಲುದ್ದ ನೀರಿತ್ತು. ಎಲ್ಲರೂ ಬುರುಡೆ ತುಂಬುತ್ತಿರುವಾಗ ಬೋರಕ್ಕನ ಕಣ್ಣು ಬಾಣಂತಿ ಸೂರವ್ವನ ಮೇಲೆ ಬಿತ್ತು.

“ಏನೇ ಸೂರಿ, ಕೂಸಿನ ಸದ್ದೇ ಇಲ್ಲ?”

“ನಿನ್ನೆ ಮಧ್ಯಾಹ್ನದಿಂದ ಅತ್ತೇ ಇಲ್ಲ ಕಣಕ್ಕಾ. ಬಂಗಾರದಂಥ ಕೂಸು.”

ಬೋರಕ್ಕ ಕೂಸಿನ ತುಟಿಗೆ ಬೆರಳಿಟ್ಟಳು. ಅದು ಚೀಪಲಿಲ್ಲ. ಸೂರವ್ವನ ಎದೆ ಹಿಂಡಿ ನೋಡಿದಳು, ಹನಿ ಹಾಲಿರಲಿಲ್ಲ. ಕೋಡು ಅಗಿಯದ ಜೀವವೊಂದು ಕೂಗುವಷ್ಟು ಕೂಗಿ, ಸೋತು, ಸುಮ್ಮನಾಗಿತ್ತು. ಆಗ ಆಕೆ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಅಲ್ಲಿಯೂ ಸದ್ದಿಲ್ಲ. ಬುರುಡೆಯನ್ನು ಮೂಸಿದಳು. ಹುಣಸೆಯ ಹುಳಿಯಡಿ ಕೋಡಿನ ವಾಸನೆ.

“ಯಾರು?” ಎಂದಳು.

ಪಾಲಯ್ಯ ಆಕೆಯ ಕಾಲು ಹಿಡಿದ. “ನಾನೇ ಕಣಕ್ಕಾ. ನಿನ್ನ ಸಂಕಟ ನೋಡಲಾರದೆ...”

ಆಕೆ ಅವನನ್ನು ಬೈಯಲಿಲ್ಲವಂತೆ. ಬೈಯಲು ಹೊತ್ತಿರಲಿಲ್ಲ. ನೇರ ಕಾಟಯ್ಯನ ಬಳಿಗೆ ಹೋಗಿ, ಚೀಲ ಬಿಚ್ಚಿಸು, ಈಗಲೇ ಗಂಜಿಯಾಗಬೇಕು ಎಂದಳು. ಕಾಟಯ್ಯ ಚೀಲಗಳ ಮೇಲೆ ಕಾಲು ಚಾಚಿ ಕೂತಿದ್ದ. ಅವನಿಗೆ ಎಲ್ಲವೂ ಕೇಳಿಸಿತ್ತು.

“ನಿನಗೆ ಹಸಿವಾಗೈತೋ?” ಎಂದ. “ಕಟ್ಟಳೆ ಏನು ಹೇಳ್ತದೆ? ನಿನ್ನ ಹಸಿವು ಹೇಳಬೇಕು ಅಂತ. ನಿಜ ಹೇಳು.”

ಮಂದಿಯೆಲ್ಲ ತಿರುಗಿ ನೋಡಿದರು. ಒಂದೇ ಒಂದು ಸುಳ್ಳು ಸಾಕಾಗಿತ್ತು. ಆದರೆ ಒಮ್ಮೆ ಸುಳ್ಳಾಡಿದ ಹೊಟ್ಟೆಯನ್ನು ಮುಂದೆ ಯಾವ ಗುಂಪು ನಂಬೀತು?

“ಇಲ್ಲ” ಎಂದಳು ಬೋರಕ್ಕ. “ಹಸಿವಿಲ್ಲ. ಅದಕ್ಕೇ ನನಗೆ ಭಯ.”

“ಯಾರಿಗೂ ಹಸಿವಿಲ್ಲ, ನಿನಗೂ ಇಲ್ಲ! ಮತ್ಯಾರ ಹೊಟ್ಟೆಗೆ ಬೀಜ ಬೇಯಿಸ್ತೀಯ? ಒಂದೇ ದಿನದ ದಾರಿ ಐತೆ. ನಡೀರಿ ಎಲ್ಲ.”

“ನಡಿಯೋಣ ಯಜಮಾನ. ನೀನೇ ಮೊದಲು ಏಳು.”

ಕಾಟಯ್ಯ ನಕ್ಕ. ಕೋಲೂರಿ ಏಳಹೋದ. ಕಾಲು ಬರಲಿಲ್ಲ. ಮತ್ತೊಮ್ಮೆ ಊರಿದ. ಕೋಲು ಜಾರಿತು, ಮೈ ಏಳಲಿಲ್ಲ. ನಗು ಅವನ ಮುಖದಲ್ಲಿ ಹಾಗೆಯೇ ಉಳಿದು, ಕಣ್ಣುಗಳು ಮಾತ್ರ ಅರಳಿದವಂತೆ. ಸುತ್ತ ಕೂತವರು ತಾವೂ ಏಳಲು ನೋಡಿದರು. ಎದ್ದವರು ಹನ್ನೊಂದು ಮಂದಿ. ಉಳಿದವರು ತಮ್ಮ ತಮ್ಮ ಮೊಣಕಾಲುಗಳನ್ನು ಬೇರೆ ಯಾರದೋ ಎಂಬಂತೆ ದಿಟ್ಟಿಸಿದರು.

ಕಾಟಯ್ಯ ತಾನೇ ಚೀಲದ ಬಾಯಿ ಬಿಚ್ಚಿದ. ಬಿಚ್ಚುವಾಗ ಅತ್ತನಂತೆ.

ಬೋರಕ್ಕ ಮತ್ತು ಪಾಲಯ್ಯ ಬಂಡೆಯ ಮೇಲೆ ಗುಂಡುಕಲ್ಲಿನಿಂದ ನವಣೆ ಕುಟ್ಟಿದರು, ತೂರಿದರು, ಮುಳ್ಳುಕಡ್ಡಿ ಒಟ್ಟಿ ಗಂಜಿ ಬೇಯಿಸಿದರು. ಆದರೆ ಉಣ್ಣುವವರಿಲ್ಲ! ಹಸಿವಿಲ್ಲದ ಬಾಯಿಗೆ ಗಂಜಿ ಮಣ್ಣಿನಂತಾಗಿ ಜನ ಮುಖ ತಿರುಗಿಸಿದರು. ಬೋರಕ್ಕ ಒಬ್ಬೊಬ್ಬರ ಗಲ್ಲ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು. ಮುದುಕರನ್ನು ಮಗುವೇ ಎಂದಳು, ಮೊಂಡುಬಿದ್ದವರನ್ನು ಮುಂಡೇದೇ ಎಂದಳು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಕಲಸಿದ ಕೈ ಒಣಗಲಿಲ್ಲ. ಎರಡು ಚೀಲ ಬರಿದಾದವು, ಮೂರು ಉಳಿದವು. ಬಿಸಿಲು ಇಳಿಯುವ ಹೊತ್ತಿಗೆ ಸೂರವ್ವನ ಎದೆ ಒಸರಿತು. ಕೂಸು ಮೊದಲು ಕೊಸರಿತು, ಆಮೇಲೆ ಬಾಯಿ ಬಿಟ್ಟು ಅತ್ತಿತು. ಆ ಅಳು ಕೇಳಿ ಮಂದಿಯೆಲ್ಲ ನಕ್ಕರಂತೆ. ನಗುತ್ತಲೇ, ಕೂಸು ಅತ್ತಿತೆಂದು ಹೇಳಲು ಬೋರಕ್ಕನ ಕಡೆಗೆ ತಿರುಗಿದರು.

ಆಕೆ ಬಂಡೆಗೊರಗಿ ಕೂತಿದ್ದಳು. ಮಡಿಲಲ್ಲಿ ಸೌಟು ಇತ್ತು. ಪಾಲಯ್ಯ ಅಕ್ಕಾ ಎಂದು ಭುಜ ಮುಟ್ಟಿದ. ತಲೆ ವಾಲಿತು.

ಆಕೆ ಎಲ್ಲರಿಗೂ ಉಣಿಸಿದ್ದಳು. ಆಕೆಗೆ ಉಣಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಆಕೆಗೂ ನೆನಪಾಗಿರಲಿಲ್ಲ, ನೆನಪಿಸುವ ಹಸಿವು ಇರಲಿಲ್ಲವಲ್ಲ.

ದೊಣೆಯ ದಂಡೆಯಲ್ಲೇ ಮಣ್ಣು ಮಾಡಿದರು. ಮರುದಿನ ನಡೆದು ಗುಡ್ಡ ಇಳಿದರು. ಮಳೆ ಬಂತು, ಮೂರು ಚೀಲದ ಬೀಜ ಮೊಳೆಯಿತು, ಹಟ್ಟಿ ಉಳಿಯಿತು. ಪಾಲಯ್ಯ ಬದುಕಿರುವವರೆಗೆ ಎಲ್ಲ ಪ್ರಯಾಣಗಳಲ್ಲೂ ಹಸಿವು ಹೊತ್ತನಂತೆ. ತನ್ನ ಬುರುಡೆಯನ್ನು ಬೇರೆಯವರ ಕೈಗೆ ಕೊಡಲಿಲ್ಲವಂತೆ.

ಆ ಹಟ್ಟಿಯ ಮಂದಿ ಈಗಲೂ ಗುಡ್ಡಗಳ ಪಡುವಣ ಮಗ್ಗುಲಲ್ಲಿದ್ದಾರೆ. ಅವರ ಮನೆಗಳಲ್ಲಿ ಊಟಕ್ಕೆ ಕೂತವರು ಮೊದಲು ಉಣ್ಣುವುದಿಲ್ಲ. ಮನೆಯ ಹಿರಿಯರು ಎದ್ದು, ಬಡಿಸುವವಳ ಬಾಯಿಗೆ ಒಂದು ತುತ್ತು ಇಡುತ್ತಾರೆ. ಆಕೆ ಕೆಲವೊಮ್ಮೆ ನಾಚಿ, “ನನಗೆ ಹಸಿವಿಲ್ಲ, ನೀವು ಉಣ್ಣಿ” ಎನ್ನುವುದುಂಟು. ಆ ಮಾತು ಬಿತ್ತೆಂದರೆ ಪಂಕ್ತಿಯ ಕೈಗಳೆಲ್ಲ ನಿಲ್ಲುತ್ತವೆ. ಮಕ್ಕಳೂ ಅಲುಗಾಡುವುದಿಲ್ಲ. ಆಕೆ ಅಗಿದು ನುಂಗಿದ್ದು ಕಣ್ಣಿಗೆ ಕಾಣುವವರೆಗೆ ಹಾಗೆಯೇ ಕಾಯುತ್ತಾರೆ.